ಅಲ್ಪ ವೆಚ್ಚದಲ್ಲಿ ಕರಾವಳಿ ಪ್ರವಾಸ

ನಾನು ಹಿರಿಯೂರು ತಾಲ್ಲೂಕಿನ ಆದಿವಾಲದವನು. ನೀರನ್ನು ಕೊಡದ ಲೆಕ್ಕದಲ್ಲಿ ಅಳೆಯುವ ಸೀಮೆ ನಮ್ಮದು. ನಮ್ಮ ಕಡೆಯವರು ಕಂಡಿರುವ ದೊಡ್ಡ ಜಲರಾಶಿಯೆಂದರೆ ಮಾರಿಕಣಿವೆಯ ವಾಣೀವಿಲಾಸ ಸಾಗರವೊಂದೇ. ೧೯೦೭ರಲ್ಲಿ ಪೂರ್ಣವಾದ ಆ ಕಟ್ಟೆಯು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಪುನಃ ಕೋಡಿ ಬಿದ್ದುದು ೨೦೨೨ರಲ್ಲಿ. ಆಗ ಜನರು ಜಾತ್ರೆಗೆ ಹೋಗುವಂತೆ ಅದನ್ನು ನೋಡಲು ಹೋದರು. ಇಂತಹವರಿಗೆ ಕಡಲನ್ನು ಕಾಣಬೇಕೆಂಬ ಆಸೆಯು ಸಹಜವೇ. ಆದರೆ ಆ ಆಸೆಯ ಹಿಂದೆಯೇ ‘ಅಷ್ಟು ಹಣವೆಲ್ಲಿಂದ?’ ಎಂಬ ಪ್ರಶ್ನೆಯೂ ಹುಟ್ಟುವುದು. ಆ ಪ್ರಶ್ನೆಗೆ ನನಗೆ ತಿಳಿದ ಉತ್ತರವನ್ನು ಈ ಹೊತ್ತು ಅರಿಕೆಮಾಡುತ್ತೇನೆ.

ಮೊದಲು ದಾರಿಯ ಮಾತು. ಹಿರಿಯೂರಿನಿಂದ ಚಿತ್ರದುರ್ಗ, ಹೊಳಲ್ಕೆರೆಗಳ ಮೇಲೆ ಶಿವಮೊಗ್ಗೆಗೆ ಹೋಗಿ, ಅಲ್ಲಿಂದ ತೀರ್ಥಹಳ್ಳಿ, ಆಗುಂಬೆಗಳನ್ನು ಹಾದು ಘಟ್ಟವನ್ನಿಳಿದರೆ ಉಡುಪಿಯ ಸೀಮೆ. ನಮ್ಮಲ್ಲಿ ಸುಮಾರು ಹತ್ತು ವರ್ಷಗಳಲ್ಲಿ ಬೀಳುವಷ್ಟು ಮಳೆಯು ಆಗುಂಬೆಯಲ್ಲಿ ಒಂದೇ ವರ್ಷದಲ್ಲಿ ಬೀಳುವುದು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಸ್ತ್ರೀಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ವೆಚ್ಚವಿಲ್ಲ. ಆದರೆ ಘಟ್ಟದ ಕೆಳಗೆ ಮಂಗಳೂರು, ಉಡುಪಿ, ಕುಂದಾಪುರಗಳ ನಡುವೆ ಓಡಾಡುವುವು ಬಹುಮಟ್ಟಿಗೆ ಖಾಸಗಿ ಬಸ್ಸುಗಳು. ಅವುಗಳಿಗೆ ಈ ಯೋಜನೆಯು ಅನ್ವಯಿಸದು. ಆದಕಾರಣ ಸ್ವಲ್ಪ ಚಿಲ್ಲರೆಯನ್ನು ಇಟ್ಟುಕೊಂಡೇ ಹೊರಡಬೇಕು. ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದ ಸಾಮಾನ್ಯ ಗಾಡಿಯು ಇನ್ನೂ ಅಗ್ಗ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸುಮಾರು ೨ ಕಿಲೋಮೀಟರು ಉದ್ದದ ಸೇತುವೆಯನ್ನು ದಾಟುವಾಗ ಕಾಣುವ ನೋಟಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಇನ್ನು ಮುಖ್ಯವಾದ ಮಾತು. ಹಣವನ್ನು ಉಳಿಸಬೇಕೆನ್ನುವವನು ಕಾಲವನ್ನು ಧಾರಾಳವಾಗಿ ವೆಚ್ಚಮಾಡಬೇಕು. ಎರಡು ದಿನಗಳಲ್ಲಿ ಹತ್ತು ಸ್ಥಳಗಳನ್ನು ನೋಡಿಬಿಡುವೆನೆಂದು ಬಾಡಿಗೆಯ ವಾಹನದಲ್ಲಿ ಹೊರಡುವವರು ಹಣವನ್ನೂ ಕಳೆದುಕೊಳ್ಳುವರು, ನೋಟವನ್ನೂ ಕಳೆದುಕೊಳ್ಳುವರು. ಒಂದೇ ಊರಿನಲ್ಲಿ ಮೂರು ದಿನ ನಿಲ್ಲಿರಿ. ಕುಂದಾಪುರವನ್ನೇ ತೆಗೆದುಕೊಳ್ಳೋಣ. ಊರಿನ ಮಗ್ಗುಲಲ್ಲಿಯೇ ಪಂಚಗಂಗಾವಳಿಯು ಕಡಲನ್ನು ಸೇರುವುದು. ಸ್ವಲ್ಪ ಉತ್ತರಕ್ಕೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕದಲ್ಲಿ ಸಮುದ್ರ, ಮತ್ತೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ. ಕೊಲ್ಲೂರು, ಬೈಂದೂರುಗಳಿಗೆ ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಬಹುದು.

ಊಟದ ಚಿಂತೆಯೂ ಬೇಡ. ಉಡುಪಿ, ಕೊಲ್ಲೂರುಗಳಂತಹ ಕ್ಷೇತ್ರಗಳಲ್ಲಿ ಅನ್ನಸಂತರ್ಪಣೆಯುಂಟು. ಅದನ್ನು ಉಳಿತಾಯದ ಲೆಕ್ಕಕ್ಕೆ ಬರೆದುಕೊಳ್ಳದೆ, ಕೈಲಾದಷ್ಟು ಕಾಣಿಕೆಯನ್ನು ಸಲ್ಲಿಸಿ ಬರುವುದು ಮರ್ಯಾದೆ. ಮುದ್ದೆಗೆ ಒಗ್ಗಿದ ನಮಗೆ ಕುಚ್ಚಲಕ್ಕಿಯ ಗಂಜಿಯು ಮೊದಲ ದಿನ ಸೇರದಿದ್ದರೂ ಮೂರನೆಯ ದಿನ ರುಚಿಸುವುದು. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಳು ಬಡವರ ಭೋಜನವೇ. ಆದರೆ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಯೂ ಆಗ ಬಿರುಸು. ಆದುದರಿಂದ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಪ್ರಶಸ್ತ.

ಕಾಲದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವುಂಟು. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಕೋಲಾರವೂ ನಮ್ಮಂತೆಯೇ ಒಣ ಸೀಮೆ. ಆ ಸುದ್ದಿಯನ್ನು ಕೇಳಿದಾಗ ನಮ್ಮೂರಿನ ಮಕ್ಕಳ ಮುಖಗಳೇ ನನ್ನ ಕಣ್ಣ ಮುಂದೆ ಬಂದುವು. ಕೆರೆಯ ನೀರು ನಿಂತಿರುವುದು. ಕಡಲಿನ ನೀರು ನಿಲ್ಲುವುದಿಲ್ಲ. ದಡಕ್ಕೆ ಅಲೆಗಳು ತಂದು ಸುರಿದ ನೀರು ಯಾವುದೋ ಇಕ್ಕಟ್ಟಾದ ಹಾದಿಯಲ್ಲಿ ರಭಸದಿಂದ ಒಳಕ್ಕೆ ಹಿಂದಿರುಗುವುದು. ಆ ಹಾದಿಯಲ್ಲಿ ಅಲೆಗಳು ಅಷ್ಟಾಗಿ ಒಡೆಯದಿರುವುದರಿಂದ ಅರಿಯದವರಿಗೆ ಅದೇ ಶಾಂತವಾದ ಸ್ಥಳವಾಗಿ ತೋರುವುದು. ಅದರಲ್ಲಿ ಸಿಕ್ಕಿದವನು ದಡಕ್ಕೆ ನೇರವಾಗಿ ಈಜಲು ಹೆಣಗಬಾರದು; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತವನ್ನು ತಪ್ಪಿಸಿಕೊಳ್ಳಬೇಕು. ಈಜು ಬಾರದವರು ನೀರಿಗಿಳಿಯದಿರುವುದೇ ಲೇಸು.

ಅರ್ಧ ಗಂಟೆಯ ಬಿಡುವಿನಲ್ಲಿ ಬಂದವನು ಓಡಿಹೋಗಿ ನೀರಿಗಿಳಿಯುವನು. ಮೂರು ದಿನ ನಿಂತವನು ಮೊದಲು ಕುಳಿತು ನೋಡುವನು; ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತವಾಗುವುದನ್ನು ಕಾಣುವನು; ಅಲ್ಲಿಯವರನ್ನು ಕೇಳುವನು. ಒಮ್ಮೆ ನಮ್ಮ ಸೋದರತ್ತೆಯವರನ್ನು ಮರವಂತೆಗೆ ಕರೆದುಕೊಂಡು ಹೋಗಿದ್ದೆ. ಅರವತ್ತು ವರ್ಷಗಳ ಆಸೆ ಅವರದು. ಸೀರೆಯ ನೆರಿಗೆಯನ್ನೆತ್ತಿಕೊಂಡು ಹೊರಟೇಬಿಟ್ಟರು. ಮೀನಿನ ಬುಟ್ಟಿಯನ್ನು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬುಟ್ಟಿಯನ್ನಿಳಿಸಿ, ಅಲ್ಲಿ ಸೆಳೆತವಿದೆಯೆಂದು ತಡೆದು, ದೂರದ ಬೇರೊಂದು ಕಡೆಗೆ ತಾನೇ ಕರೆದೊಯ್ದು ನಿಲ್ಲಿಸಿದಳು. ಅತ್ತೆಯವರು ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರನ್ನೆತ್ತಿ, ನಾಲಗೆಗೆ ತಾಕಿಸಿ, ಉಪ್ಪೆಂದು ನಕ್ಕರು. ಆ ಹೆಂಗಸು ಹಣವನ್ನು ಕೇಳಲಿಲ್ಲ, ಕೊಡಹೋದರೆ ತೆಗೆದುಕೊಳ್ಳಲೂ ಇಲ್ಲ.

ಆದ್ದರಿಂದ ಶ್ರೋತೃಗಳೆ, ಬುತ್ತಿಯನ್ನು ಕಟ್ಟಿಕೊಳ್ಳಿರಿ, ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳಿರಿ, ದಡದವರನ್ನು ಕೇಳದೆ ನೀರಿಗೆ ಕಾಲಿಡಬೇಡಿರಿ. ಹೋಗಿ ಸುಖವಾಗಿ ಬನ್ನಿರಿ.