ಎರೆಹೊಲದಲ್ಲಿ ಕಾರ್ಬನ್ ಬಾಣ

ಕೇಳುಗರೇ, ಕಾಂಪೌಂಡ್ ಬಿಲ್ಲಿಗೆ ಹೊಂದುವ, ಜೇಬಿಗೆ ಹೊರೆಯಾಗದ, ನಾಲ್ಕು ಕಾಲ ಬಾಳುವ ಕಾರ್ಬನ್ ಬಾಣ ಆರಿಸುವುದು ಹೇಗೆ ಎಂದು ಮಾತಾಡಿ ಅಂತ ಕರೆದಿದ್ದಾರೆ. ಹತ್ತೇ ನಿಮಿಷವಂತೆ. ಬಿಲ್ಲಿನ ವಿಷಯಕ್ಕೆ ಹತ್ತು ನಿಮಿಷ! ಇರಲಿ, ಶುರು ಮಾಡೋಣ.

ಕಾಂಪೌಂಡ್ ಬಿಲ್ಲು ನಿಮಗೆ ಗೊತ್ತೇ ಇದೆ. ಎರಡು ತುದಿಗೂ ಗಾಲಿ, ನಡುವೆ ಕೇಬಲ್ಲು, ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ಬಹುಪಾಲು ಇಳಿದೇ ಹೋಗುತ್ತದೆ. ಅಮೆರಿಕದ ಮಿಸೌರಿಯ ಹೋಲಿಸ್ ವಿಲ್ಬರ್ ಆಲೆನ್ ಎಂಬಾತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಅದು ಸಿಕ್ಕಿತು. ಪಂದ್ಯದಲ್ಲಿ ದೂರ 50 ಮೀಟರ್, ಹತ್ತು ಅಂಕದ ವರ್ತುಲದ ಅಗಲ 8 ಸೆಂಟಿಮೀಟರ್. ಇಷ್ಟು ಸಾಕು, ಬಾಣಕ್ಕೆ ಬರುತ್ತೇನೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ಕಂಪನಿ ಹೆಸರು. ಕೇಳಬೇಕಾದದ್ದು ಸ್ಪೈನ್, ಅಂದರೆ ಬಾಣದ ಬಿಗುಪು. 28 ಇಂಚು ಅಂತರದ ಎರಡು ಆಧಾರದ ಮೇಲೆ ಬಾಣ ಮಲಗಿಸಿ, ನಡುಮಧ್ಯೆ 880 ಗ್ರಾಂ ತೂಕ ತೂಗುಬಿಡುತ್ತಾರೆ. ಅರ್ಧ ಇಂಚು ಬಗ್ಗಿದರೆ ಅದು 500ರ ಬಾಣ. ಇನ್ನೂ ಕಡಿಮೆ ಬಗ್ಗಿದರೆ 400, 340. ಸಂಖ್ಯೆ ಇಳಿದಷ್ಟೂ ಬಾಣ ಬಿಗಿ. ನಿಮ್ಮ ಬಿಲ್ಲು ಎಷ್ಟು ಪೌಂಡಿನದು, ಬಾಣದ ಉದ್ದ ಎಷ್ಟು, ಮೊನೆಯ ತೂಕ ಎಷ್ಟು, ಈ ಮೂರನ್ನೂ ತಯಾರಕರ ಪಟ್ಟಿಯಲ್ಲಿಟ್ಟು ನೋಡಿದರೆ ಸ್ಪೈನ್ ಸಿಗುತ್ತದೆ. ಅದು ತಪ್ಪಿದರೆ ಎಷ್ಟು ದುಬಾರಿ ಬಾಣ ತಂದರೂ ದಂಡ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿ? ನೇರತನಕ್ಕೆ. ಒಂದು ಇಂಚಿನ ಸಾವಿರದಲ್ಲಿ ಆರು ಪಾಲಿನಷ್ಟು ಓರೆಯಿರುವ ಬಾಣ ಅಗ್ಗ, ಒಂದೇ ಪಾಲಿನದು ದುಬಾರಿ. ಕಲಿಯುವ ಹುಡುಗರಿಗೆ ಆರು ಧಾರಾಳ ಸಾಕು. ಓರೆ ಇರುವುದು ಬಾಣದಲ್ಲಲ್ಲ, ಭುಜದಲ್ಲಿ! ಅದಕ್ಕಿಂತ ಮುಖ್ಯ, ಒಂದು ಕಟ್ಟಿನ ಹನ್ನೆರಡೂ ಬಾಣ ಒಂದೇ ತೂಕ ಇರಬೇಕು. ಪರಿಚಯದ ಅಕ್ಕಸಾಲಿಗರಿದ್ದರೆ ಅವರ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ. ನಮ್ಮ ಬಳ್ಳಾರಿಯ ಅಕ್ಕಸಾಲಿಗರೊಬ್ಬರು ತೂಗಿಕೊಟ್ಟು, "ಏನಣ್ಣಾ, ಇದಕ್ಕೆ ಕೂಲಿ ಎಷ್ಟು ಹಾಕ್ಲಿ, ವೇಸ್ಟೇಜ್ ಎಷ್ಟು ಹಾಕ್ಲಿ?" ಅಂದಿದ್ದರು.

ಒಂದೇ ತೂಕ ಯಾಕೆ ಅಂತೀರಾ? ಅದಕ್ಕೆ ನಾನು ಕಾಂಪೌಂಡ್ ಬಿಲ್ಲುಗಾರ್ತಿ ಜ್ಯೋತಿ ಸುರೇಖಾ ವೆನ್ನಂ ಅವರ ಆಟವನ್ನೇ ಹೇಳಬೇಕು. 2023ರ ಅಕ್ಟೋಬರ್ 7, ಶನಿವಾರ ಬೆಳಿಗ್ಗೆ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್. ನಾನು ಸಿರುಗುಪ್ಪದಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಎದುರಾಳಿ ಕೊರಿಯಾದ ಸೋ ಚೇವೊನ್. ಕೊರಿಯಾ ಅಂದರೆ ಬಿಲ್ಲುಗಾರಿಕೆಯ ತವರುಮನೆ. ಐದು ಸುತ್ತು, ಸುತ್ತಿಗೆ ಮೂರು ಬಾಣ, ಒಟ್ಟು ಹದಿನೈದು. ಜ್ಯೋತಿ 149, ಸೋ 145. ಲೆಕ್ಕ ಹಾಕಿ ನೋಡಿ, ಹದಿನೈದು ಬಾಣದಲ್ಲಿ ಈ ಹುಡುಗಿ ಬಿಟ್ಟುಕೊಟ್ಟದ್ದು ಒಂದೇ ಒಂದು ಅಂಕ. ಬಾಣಕ್ಕೊಂದು ತೂಕವಿದ್ದರೆ ಇದು ಆಗುವ ಮಾತೇ? ನಾನು ಗುರಿಹಲಗೆ ನೋಡಲಿಲ್ಲ, ಆಕೆಯ ಮುಖ ನೋಡುತ್ತಿದ್ದೆ. ಹೆದೆ ಎಳೆದು ಗದ್ದಕ್ಕೆ ತಂದು ನಿಲ್ಲಿಸಿದ ಮೇಲೆ ರೆಪ್ಪೆಯೂ ಅಲುಗುವುದಿಲ್ಲ. ಬಾಣ ಹೊರಟದ್ದು ಆಕೆಗೇ ಆಮೇಲೆ ತಿಳಿಯಿತೇನೋ ಅನ್ನಬೇಕು. ಮಿರ್ಚಿ ತಣ್ಣಗಾಗಿ, ಅಕ್ಕ ಬೈದು, ಎಲ್ಲ ಆಯಿತು. ಅದೇ ಕೂಟದಲ್ಲಿ ತಂಡದ ಚಿನ್ನ, ಮಿಶ್ರ ತಂಡದ ಚಿನ್ನ ಸೇರಿ ಆಕೆಗೆ ಮೂರು. ಅದೇ ವರ್ಷ ಆಗಸ್ಟಿನಲ್ಲಿ ಬರ್ಲಿನ್ನಿನ ವಿಶ್ವ ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ನಲ್ಲಿ ಇದೇ ಜ್ಯೋತಿಯನ್ನು ಸತಾರಾದ 17 ವರ್ಷದ ಅದಿತಿ ಸ್ವಾಮಿ ಸೋಲಿಸಿ, ಮುಂದೆ ವಿಶ್ವ ಚಾಂಪಿಯನ್ ಆಗಿದ್ದಳು. ಎರಡೇ ತಿಂಗಳಲ್ಲಿ ಜ್ಯೋತಿ ಎದ್ದು ನಿಂತದ್ದು ಹೀಗೆ.

ಜ್ಯೋತಿ ವಿಜಯವಾಡದವರು, ಅಪ್ಪ ಕಬಡ್ಡಿ ಆಟಗಾರರಾಗಿದ್ದವರು. ನಾಲ್ಕು ವರ್ಷದವರಿದ್ದಾಗಲೇ ಕೃಷ್ಣಾ ನದಿ ಈಜಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. ಆಂಧ್ರದವರಲ್ಲವೇ ಅಂತ ನೀವು ಕೇಳಬಹುದು. ಸಿರುಗುಪ್ಪ ದಾಟಿ ಹೋಗುವ ನಮ್ಮ ತುಂಗಭದ್ರೆಯೇ ತಾನೇ ಮುಂದೆ ಕೃಷ್ಣೆಗೆ ಸೇರಿ ವಿಜಯವಾಡಕ್ಕೆ ಹೋಗುವುದು? ಆ ನೀರಲ್ಲಿ ಈಜಿದವರು ನಮ್ಮವರೇ.

ಬಾಣದ ಮಾತಲ್ಲವೇ, ಬಂದೆ. ಮೊನ್ನೆ ಮೊನ್ನೆ, 2021ರವರೆಗೂ ನಮ್ಮ ಜಿಲ್ಲೆಯಲ್ಲೇ ಇದ್ದ ಹಂಪಿಯ ಹಜಾರರಾಮ ಗುಡಿಯ ಗೋಡೆಯಲ್ಲಿ ರಾಮ ಸಾಲಾಗಿ ನಿಂತ ಏಳು ಮರಕ್ಕೆ ಗುರಿಯಿಟ್ಟಿದ್ದಾನೆ. ಹೋದಾಗ ಬಿಲ್ಲು ಹಿಡಿದ ಕೈ ಗಮನಿಸಿ. ಸುಗ್ರೀವನ ಅನುಮಾನ ತೀರಿಸಲು ಬಿಟ್ಟ ಆ ಬಾಣ ಏಳೂ ಮರ ಸೀಳಿ, ನೆಲ ಹೊಕ್ಕು, ತಾನಾಗಿಯೇ ಬತ್ತಳಿಕೆಗೆ ವಾಪಸ್ಸು ಬಂತಂತೆ. ಬಾಳಿಕೆ ಅಂದರೆ ಅದು! ನಮ್ಮದು ಹಾಗಲ್ಲ. ಸಿರುಗುಪ್ಪದ ಎರೆನೆಲದಲ್ಲಿ ಗುರಿ ತಪ್ಪಿದ ಕಾರ್ಬನ್ ಬಾಣ ಹುಡುಕಿ ನೋಡಿ. ನೆಲವೂ ಕಪ್ಪು, ಬಾಣವೂ ಕಪ್ಪು. ಭತ್ತದ ಕೂಳೆ ಕೆಳಗೆ ನುಸುಳಿದರೆ ಮುಗಿಯಿತು. ಅದಕ್ಕೇ ಗರಿ ಯಾವಾಗಲೂ ಹಳದಿ ಇಲ್ಲವೇ ಕಿತ್ತಳೆ ಬಣ್ಣದ್ದು ಹಾಕಿಸಿ. ಕುರುಗೋಡಿನ ಕಡೆ ಇನ್ನೊಂದು ಕಷ್ಟ. ಗುಡ್ಡ ಹಿಂದಿದ್ದರೆ ಬಾಣ ಆಚೆ ಹೋಗುವುದಿಲ್ಲ ಅಂತ ಬಂಡೆಗೆ ಎದುರಾಗಿ ಹಲಗೆ ನಿಲ್ಲಿಸುತ್ತಾರೆ. ಜನಕ್ಕೆ ಕ್ಷೇಮ, ಬಾಣಕ್ಕೆ ಮರಣ. ಬಂಡೆಗೆ ಬಡಿದರೆ ಮೊನೆ ಹಿಂದಕ್ಕೆ ನುಗ್ಗಿ ಕೊಳವೆ ಸೀಳುತ್ತದೆ. ಬಂಡೆಗೂ ಹಲಗೆಗೂ ನಡುವೆ ಹುಲ್ಲಿನ ಕಟ್ಟು ಒಟ್ಟಬೇಕು. ಇನ್ನು ಗುರಿಗೆ ದುಬಾರಿ ಫೋಮ್ ಏಕೆ? ನಮ್ಮ ಊರಲ್ಲಿ ಜೀನ್ಸ್ ಹೊಲಿಯುವ ಕಡೆ ಚಿಂದಿ ಸಿಗುತ್ತದೆ, ಗೋಣಿಚೀಲಕ್ಕೆ ಒತ್ತೊತ್ತಿ ತುಂಬಿ. ಬಾಣ ನಿಲ್ಲುತ್ತದೆ, ಎರಡು ಬೆರಳಲ್ಲಿ ಎಳೆದರೆ ಬರುತ್ತದೆ. ಫೋಮ್‌ನಲ್ಲಾದರೆ ಉಜ್ಜಿ ಬಿಸಿಯಾಗಿ ಅಂಟಿಕೊಳ್ಳುತ್ತದೆ, ಜಗ್ಗಾಟದಲ್ಲೇ ಅರ್ಧ ಬಾಣ ಹಾಳು.

ಸ್ಟುಡಿಯೊ ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಅಯ್ಯೋ, ಮುಖ್ಯವಾದದ್ದೇ ಉಳಿಯಿತು. ಪ್ರತಿ ಸಲ ಬಿಡುವ ಮುಂಚೆ ಬಾಣ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ ಬಗ್ಗಿಸಿ, ಕಿವಿಯ ಹತ್ತಿರ ಇಟ್ಟು ಕೇಳಿ. ಚಿಟಿಚಿಟಿ ಅಂದರೆ ಮುರಿದು ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ಬಿರುಕು ಬಿಟ್ಟ ಕಾರ್ಬನ್ ಹೆದೆಯ ಹೊಡೆತಕ್ಕೆ ಒಡೆದರೆ ಸೀಳು ಬಿಲ್ಲು ಹಿಡಿದ ಕೈಗೇ ನಾಟುತ್ತದೆ. ಬಿಲ್ಲಿನ ಒಂದೊಂದು ಪೌಂಡಿಗೂ ಬಾಣ ಐದು ಗ್ರೇನ್‌ಗಿಂತ ಹಗುರ ಇರಬಾರದು. 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಅಂದರೆ 16 ಗ್ರಾಂ ಮೇಲ್ಪಟ್ಟು. ಹಗುರವಾದರೆ ಬಿಲ್ಲೇ ಹಾಳು. ಗುರಿ ಕುದುರಿದ ಮೇಲೆ ಒಂದೇ ಚುಕ್ಕಿಗೆ ಹೊಡೆಯಬೇಡಿ, ಬಾಣಕ್ಕೆ ಬಾಣ ಬಡಿದು ಹಿಂತುದಿಯ ನಾಕ್ ಒಡೆಯುತ್ತದೆ. ಬಾಣಕ್ಕೊಂದು ಚುಕ್ಕಿ ಇಟ್ಟುಕೊಳ್ಳಿ. ನಮ್ಮ ಬೇಸಿಗೆಯಲ್ಲಿ ಬಾಣಗಳನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಅಂಟು ಕರಗಿ ಮೊನೆ ಸಡಿಲವಾಗುತ್ತದೆ. ಉದ್ದ ಕಡಿಸುವುದಾದರೆ ಹ್ಯಾಕ್ಸಾ ಮುಟ್ಟಿಸಬೇಡಿ, ವೇಗವಾಗಿ ತಿರುಗುವ ಅರೆಯುವ ಚಕ್ರದಲ್ಲೇ ಕಡಿಸಿ, ಮೂಗಿಗೆ ಬಟ್ಟೆಯಲ್ಲ, ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಕೆಟ್ಟದ್ದು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಬರುತ್ತಿದೆ, ಅದನ್ನು ಹೇಳಬೇಕಿತ್ತು. ಕೈಗಳೇ ಇಲ್ಲದೆ ಕಾಲಲ್ಲಿ ಬಿಲ್ಲು ಹಿಡಿದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಶೀತಲ್ ದೇವಿಯ ಹೆಸರೇ ಎತ್ತಲಿಲ್ಲ ನೋಡಿ! ಆಕೆ ಹೆದೆಯನ್ನು ಭುಜಕ್ಕೆ ಸಿಕ್ಕಿಸಿಕೊಂಡು... ಆಯಿತು, ಆಯಿತು, ಮುಗಿಸಿದೆ. ಇನ್ನೊಮ್ಮೆ ಕರೆದರೆ ಅಲ್ಲಿಂದಲೇ ಶುರು ಮಾಡುತ್ತೇನೆ.