ವೆಲ್ಡಿಂಗ್ ಮೆಷಿನ್ನಿನಿಂದ ಪ್ಲಾಸ್ಮಾ ಕಟಿಂಗ್ ಆದೀತೆ?

(ಗುಬ್ಬಿಯಲ್ಲಿ ರೈತರ ಮುಂದೆ ಆಡಿದ ಮಾತು)



ತುಮಕೂರಿನಿಂದ ಗುಬ್ಬಿಗೆ ಬರುವ ದಾರಿಯಲ್ಲಾಗಲಿ, ಅತ್ತ ಕುಣಿಗಲ್ ರಸ್ತೆಯಲ್ಲಾಗಲಿ, ವೆಲ್ಡಿಂಗ್ ಅಂಗಡಿಗಳಿಗೆ ಈಗ ಬರವಿಲ್ಲ. ಟ್ರೈಲರಿನ ತಳ ಹರಿದರೆ, ಕಲ್ಟಿವೇಟರಿನ ಕಾಲು ಮುರಿದರೆ ನಾವು ಓಡುವುದು ಅಲ್ಲಿಗೇ. ಕೆಲವರು ಮನೆಯಲ್ಲಿಯೇ ಒಂದು ಮೆಷಿನ್ ಇಟ್ಟುಕೊಂಡಿದ್ದೀರಿ. ತರುಣರು ನನ್ನನ್ನು ಕೇಳುವುದುಂಟು: “ಸ್ವಾಮಿ, ಇದನ್ನೇ ಸ್ವಲ್ಪ ಬದಲಾಯಿಸಿ ಪ್ಲಾಸ್ಮಾ ಕಟರ್ ಮಾಡಿಕೊಳ್ಳಬಾರದೆ? ಎರಡರಲ್ಲೂ ಇರುವುದು ಕರೆಂಟಿನ ಆರ್ಕ್ ತಾನೆ?” ಪ್ರಶ್ನೆ ದಡ್ಡತನದ್ದಲ್ಲ. ಆದರೂ ಬೇಡವೆಂದೇ ಹೇಳುತ್ತೇನೆ. ಇದರಲ್ಲಿ ಜೀವದ ಮಾತಿದೆ.

ಕುಣಿಗಲ್ ದೊಡ್ಡಕೆರೆಯ ತೂಬನ್ನು ನೆನೆದುಕೊಳ್ಳಿ. ನೀರು ಧಾರಾಳ, ಒತ್ತಡ ಕಡಮೆ. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ ನೀರು ಕಡಮೆ, ಒತ್ತಡ ಬಹಳ. ವೆಲ್ಡಿಂಗ್ ಮೆಷಿನ್ ತೂಬಿನ ಜಾತಿಯದು. ನೂರು, ನೂರೈವತ್ತು ಆಂಪಿಯರ್ ಕೊಟ್ಟೀತು. ಆದರೆ ರಾಡ್ ಮುಟ್ಟಿಸುವ ಮುನ್ನ ಅದರಲ್ಲಿರುವುದು 50ರಿಂದ 80 ವೋಲ್ಟ್, ಆರ್ಕ್ ಹತ್ತಿದ ಮೇಲೆ 20ರಿಂದ 30. ಪ್ಲಾಸ್ಮಾ ಸ್ಪ್ರೇಯರಿನ ಜಾತಿ. ಸಣ್ಣ ತೂತಿನ ತಾಮ್ರದ ನಾಜಲ್ ಮೂಲಕ ಆರ್ಕನ್ನು ಗಾಳಿಯೊಡನೆ ಹಿಂಡಿ ಹೊರಡಿಸಬೇಕು. 30–40 ಆಂಪಿಯರ್ ಸಾಕು. ಆದರೆ ಕತ್ತರಿಸುವಾಗ 100 ವೋಲ್ಟಿನ ಆಸುಪಾಸು, ಆರ್ಕ್ ಹತ್ತುವ ಮುನ್ನ 250ರಿಂದ 300 ವೋಲ್ಟ್ ಬೇಕು. ಅದೂ ಡಿ.ಸಿ. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಕೊಡುವುದು ಎ.ಸಿ. ಹೋಲ್ಡರ್ ಬಿಚ್ಚಿ ಪ್ಲಾಸ್ಮಾ ಟಾರ್ಚ್ ಸಿಕ್ಕಿಸಿದ ಮಾತ್ರಕ್ಕೆ ತಗಡು ಕತ್ತರಿಸದು.

ಮೂರು ನಾಲ್ಕು ಡಿ.ಸಿ. ಮೆಷಿನ್ನುಗಳನ್ನು ಬ್ಯಾಟರಿಗಳಂತೆ ಸಾಲಾಗಿ ಜೋಡಿಸಿದರೆ ವೋಲ್ಟ್ ಏರುವುದಿಲ್ಲವೆ ಎಂದು ಜಾಣರು ಕೇಳಬಹುದು. ಏರುತ್ತದೆ, ಲೆಕ್ಕ ಸರಿಯೇ. ಆದರೆ ಕೈಯಲ್ಲಿ ಹಿಡಿದು ಮಾಡುವ ಕೆಲಸವೆಂದೇ ವೆಲ್ಡಿಂಗ್ ಮೆಷಿನ್ನಿನ ವೋಲ್ಟನ್ನು ತಗ್ಗಿಸಿ ಇಟ್ಟಿದ್ದಾರೆ. ಅದರ ಕೇಬಲ್, ಹೋಲ್ಡರ್, ಒಳಗಿನ ಹೊದಿಕೆ, ಯಾವುದನ್ನೂ 300 ವೋಲ್ಟಿಗೆಂದು ಮಾಡಿದ್ದಲ್ಲ. ಬೆವರಿದ ಕೈ, ಹಸಿ ನೆಲ, ಬರಿಗಾಲು, ಇವುಗಳ ಜೊತೆಗೆ 300 ವೋಲ್ಟ್ ಡಿ.ಸಿ. ಸೇರಿದರೆ ಎರಡನೆಯ ಅವಕಾಶ ಸಿಕ್ಕದೇ ಹೋಗಬಹುದು. ಕಾರ್ಖಾನೆಯ ಒಳ್ಳೆಯ ಕಟರುಗಳಲ್ಲಿ ನಾಜಲಿನ ಕ್ಯಾಪ್ ಸರಿಯಾಗಿ ಕೂತಿರದಿದ್ದರೆ ಕರೆಂಟೇ ಬಾರದಂಥ ಏರ್ಪಾಡುಂಟು. ಮನೆಯಲ್ಲಿ ಜೋಡಿಸಿದ್ದಕ್ಕೆ ಅದು ಎಲ್ಲಿಂದ ಬಂದೀತು? ಇನ್ವರ್ಟರ್ ಮೆಷಿನ್ನಿನ ಮುಚ್ಚಳವನ್ನಂತೂ ತೆಗೆಯಲೇ ಕೂಡದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿನಷ್ಟು ಸ್ವಲ್ಪ ಹೊತ್ತು ಉಳಿದಿರಬಹುದು.

ವೆಲ್ಡಿಂಗ್, ಪ್ಲಾಸ್ಮಾ ಎರಡನ್ನೂ ಮಾಡುವ ಒಂದೇ ಪೆಟ್ಟಿಗೆಯೂ ಮಾರಾಟಕ್ಕಿದೆ, ನಿಜ. ಅದನ್ನು ಹುಟ್ಟಿನಿಂದಲೇ ಹಾಗೆ ಮಾಡಿರುತ್ತಾರೆ.

ಮತ್ತೊಂದು ಮಾತು. ನಮಗೆ ಪ್ಲಾಸ್ಮಾ ಬೇಕೇ ಬೇಕೆ? ಈ ವಿದ್ಯೆಗೆ ಅಮೆರಿಕದ ರಾಬರ್ಟ್ ಗೇಜ್ ಎಂಬಾತ 1957ರಲ್ಲಿ ಪೇಟೆಂಟ್ ಪಡೆದ. ಗ್ಯಾಸ್ ಕಟರಿಗೆ ಬಗ್ಗದ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲುಗಳಲ್ಲಿ ಇದರ ನಿಜವಾದ ಉಪಯೋಗ. ಟ್ರೈಲರಿನ ಚಾನೆಲ್, ಗೇಟಿನ ಪಟ್ಟಿ ಮುಂತಾದ ಸಾದಾ ಕಬ್ಬಿಣಕ್ಕೆ ಆಕ್ಸಿಜನ್-ಎಲ್‌ಪಿಜಿ ಗ್ಯಾಸ್ ಕಟರೇ ಸಾಕು. ಸಣ್ಣಪುಟ್ಟದ್ದಕ್ಕೆ ಗ್ರೈಂಡರಿನ ಚಕ್ರ.

ತೆಳು ತಗಡಿನ ಕೆಲಸ ದಿನವೂ ಇರುವ ಅಂಗಡಿಯವರು 40 ಆಂಪಿಯರಿನ ಕಟರನ್ನೇ ಕೊಳ್ಳಲಿ. ನಾಲ್ಕಾರು ಮಂದಿ ಸೇರಿ ಕೊಂಡರೂ ಆದೀತು. ಅದಕ್ಕೆ 5–6 ಕಿಲೋವಾಟ್ ಬೇಕು. ಸಂಜೆ ವೋಲ್ಟೇಜ್ ಇಳಿದಾಗ ಮುನಿಸಿಕೊಳ್ಳುತ್ತದೆ. ಗಾಳಿ 4–5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 150 ಲೀಟರ್ ಬೇಕು. ಪಂಕ್ಚರ್ ಅಂಗಡಿಯ ಚಿಕ್ಕ ಕಂಪ್ರೆಸರ್ ಏದುಸಿರು ಬಿಟ್ಟೀತು. ಗಾಳಿಯಲ್ಲಿ ನೀರಿನ ಅಂಶವಿದ್ದರೆ ನಾಜಲ್ ಬೇಗ ಸವೆಯುತ್ತದೆ. ಕೊಳ್ಳಲು ತುಮಕೂರಿಗೆ ಹೋದಾಗ ನಿಮ್ಮದೇ ತಗಡಿನ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕತ್ತರಿಸಿ ತೋರಿಸಿರೆಂದು ಕೇಳಿ. ನಾಜಲ್, ಎಲೆಕ್ಟ್ರೋಡುಗಳ ಬೆಲೆಯನ್ನೂ ಆಗಲೇ ವಿಚಾರಿಸಿ.