ಬಾಸೆಲಿನ ಒಂದು ಹಬ್ಬದ ತಿಂಡಿ

ಹಬ್ಬಕ್ಕೂ ತಿಂಡಿಗೂ ಇರುವ ನಂಟನ್ನು ವಿವರಿಸಿ ಹೇಳಬೇಕಾದ ನಾಡು ನಮ್ಮದಲ್ಲ. ಯುಗಾದಿಯೆಂದರೆ ಹೋಳಿಗೆ, ಸಂಕ್ರಾಂತಿಯೆಂದರೆ ಎಳ್ಳುಬೆಲ್ಲ, ಗೋಕುಲಾಷ್ಟಮಿಯೆಂದರೆ ಚಕ್ಕುಲಿ. ಪಂಚಾಂಗವನ್ನು ತೆರೆಯದೆ, ಅಡುಗೆಮನೆಯಿಂದ ಹೊರಟ ಪರಿಮಳದ ಮೇಲೆಯೇ ತಿಥಿಯನ್ನು ಹೇಳಬಲ್ಲ ಹಿರಿಯರು ನಮ್ಮಲ್ಲಿದ್ದರು. ಯೂರೋಪಿನಲ್ಲಿ ಜರ್ಮನ್ ನುಡಿಯನ್ನಾಡುವ ಸೀಮೆಗಳಲ್ಲಿಯೂ ಅಂಥದೊಂದು ಪರಿಮಳವುಂಟು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಅವರು ಅಡ್ವೆಂಟ್ ಎನ್ನುತ್ತಾರೆ. ಆಗಮನವೆಂದು ಅದರ ಅರ್ಥ. ಹೊರಗೆ ಕೊರೆಯುವ ಚಳಿ. ಸಂಜೆ ಐದಕ್ಕೆ ಮೊದಲೇ ಕತ್ತಲು. ಆ ಕತ್ತಲಲ್ಲಿ ಬೀದಿಯುದ್ದಕ್ಕೂ ನಡೆದರೆ ಮನೆಮನೆಯಿಂದಲೂ ಲವಂಗ, ದಾಲ್ಚಿನ್ನಿ, ಕಾದ ಚಾಕೊಲೇಟು, ಕರಗಿದ ಸಕ್ಕರೆಗಳ ವಾಸನೆ ತೇಲಿಬರುತ್ತದೆ. ವರುಷದ ಉಳಿದ ದಿನಗಳಲ್ಲಿ ಹೀಗೆ ಮನೆಮನೆಯಲ್ಲಿಯೂ ಈ ವಾಸನೆ ಇರುವುದಿಲ್ಲ.

ಇಂದು ನಾನು ಹೇಳಹೊರಟಿರುವುದು ಆ ತಿಂಡಿಗಳಲ್ಲಿ ಒಂದರ ವಿಷಯ. ಅದರ ಹೆಸರು ಬ್ರುನ್ಸ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಅದರ ಊರು. ರೈನ್ ನದಿ ಉತ್ತರಕ್ಕೆ ಹೊರಳುವಲ್ಲಿ, ಮೂರು ದೇಶಗಳ ಗಡಿ ಕೂಡುವಲ್ಲಿ ಇರುವ ಈ ಊರಿನ ಹೆಸರು ಕನ್ನಡ ಬಲ್ಲವರಿಗೆ ಹೊಸದಲ್ಲ. ಅಲ್ಲಿಯ ಮಿಷನ್ನಿನ ಪತ್ರಾಗಾರದಲ್ಲಿರುವ ಕನ್ನಡ ಕಾಗದಪತ್ರಗಳನ್ನು ನೋಡುವ ಸಲುವಾಗಿ ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲವನ್ನು ನಾನು ಅಲ್ಲಿ ಕಳೆದೆ. ಹಗಲೆಲ್ಲ ಹಳೆಯ ಕೈಬರಹದೊಡನೆ ಗುದ್ದಾಡಿ ಬಂದವನಿಗೆ, ನಾನು ಇಳಿದುಕೊಂಡಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಹೆಂಗಸು, ಸಂಜೆಯ ಹೊತ್ತು ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಿಕೊಡುತ್ತಿದ್ದರು. ಬ್ರುನ್ಸ್ಲಿಯ ಪಾಠ ನನಗೆ ಆದದ್ದು ಅಲ್ಲಿ.

ಹೆಸರಿನಿಂದಲೇ ಆರಂಭಿಸೋಣ; ಭಾಷೆಯ ಮೇಷ್ಟರಿಗೆ ಅದು ಬಿಡದ ಚಟ. 'ಬ್ರುನ್' ಎಂದರೆ ಕಂದು ಬಣ್ಣ. 'ಲಿ' ಎಂಬುದು ಆ ಸೀಮೆಯ ಆಡುಮಾತಿನಲ್ಲಿ ಯಾವ ಪದಕ್ಕೆ ಹತ್ತಿದರೂ ಅದನ್ನು ಪುಟ್ಟದಾಗಿಸುವ, ಮುದ್ದಾಗಿಸುವ ಪ್ರತ್ಯಯ. ಆದುದರಿಂದ ಬ್ರುನ್ಸ್ಲಿಯೆಂದರೆ ಕಂದಣ್ಣ ಎನ್ನೋಣವೇ? ಅಡ್ವೆಂಟಿನ ತಿಂಡಿಗಳಲ್ಲಿ ಹಲವು ಹೀಗೆ 'ಲಿ'ಕಾರಾಂತಗಳೇ. ಸೋಂಪು ಹಾಕಿದ ಒಂದು, ಮಿಲಾನ್ ನಗರದ ಹೆಸರನ್ನು ಹೊತ್ತ ಒಂದು, ಇವೆಲ್ಲಕ್ಕೂ ಸೇರಿ 'ಗುಯೆಟ್ಸ್ಲಿ' ಎಂಬ ಹೆಸರು. ನಾವು ಬಿಸ್ಕತ್ತು ಎನ್ನುತ್ತೇವೆ. ಲ್ಯಾಟಿನ್ ಮೂಲದ ಆ ಪದಕ್ಕೆ ಎರಡು ಬಾರಿ ಬೇಯಿಸಿದ್ದು ಎಂದರ್ಥ. ಬ್ರುನ್ಸ್ಲಿಯಾದರೋ ಬೇಯುವುದು ಒಂದೇ ಸಾರಿ, ಅದೂ ನಾಲ್ಕೈದು ನಿಮಿಷ. ಅದರಲ್ಲಿ ಹಿಟ್ಟಂತೂ ಇಲ್ಲವೆಂಬಷ್ಟು ಅಲ್ಪ.

ಮಾಡುವ ಕ್ರಮ ಹೀಗೆ. ಕಾಲು ಕಿಲೋ ಬಾದಾಮಿಯನ್ನು ಸಿಪ್ಪೆ ತೆಗೆಯದೆ ಸಣ್ಣ ರವೆಯ ಹದಕ್ಕೆ ಬೀಸಬೇಕು. ಅದಕ್ಕೆ 150 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಎರಡು ಚಮಚ ಕೋಕೋ ಪುಡಿ, ಎರಡೇ ಚಮಚ ಹಿಟ್ಟು, ಕಾಲು ಚಮಚ ದಾಲ್ಚಿನ್ನಿಯ ಪುಡಿ, ಲವಂಗದ ಪುಡಿ ಒಂದೇ ಒಂದು ಚಿಟಿಕೆ. ಲವಂಗದಲ್ಲಿ ಕೈ ಬಿಗಿಹಿಡಿಯಲೇಬೇಕು. ಕೊಂಚ ಹೆಚ್ಚಾದರೂ ತಿಂಡಿ ಹೋಗಿ ಹಲ್ಲುನೋವಿನ ಔಷಧವಾಗುತ್ತದೆ. ಎರಡು ಮೊಟ್ಟೆಗಳ ಬಿಳಿಯ ಭಾಗವನ್ನು ನೊರೆಯೇಳುವಂತೆ ಕಡೆದು ಇದರೊಳಗೆ ಬೆರೆಸಬೇಕು. (ಮೊಟ್ಟೆ ಒಲ್ಲದ ಕೇಳುಗರು ಇಲ್ಲಿ ಕಿವಿ ಮುಚ್ಚಿಕೊಳ್ಳಬಹುದು, ನಮ್ಮ ತಾಯಿ ಇದ್ದಿದ್ದರೆ ಹಾಗೆಯೇ ಮಾಡುತ್ತಿದ್ದರು.) ಆಮೇಲೆ 100 ಗ್ರಾಂ ಕಪ್ಪು ಚಾಕೊಲೇಟು. ಇದನ್ನು ಉರಿಯ ಮೇಲೆ ನೇರವಾಗಿ ಇಡಕೂಡದು. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು, ಆವಿಯ ಕಾವಿನಲ್ಲಿ ಕರಗಿಸಬೇಕು. ಕೋಕೋದ ಕೊಬ್ಬು ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆ ಬಿಸಿಯಲ್ಲೇ ಕರಗುವಂಥದು. ಚಾಕೊಲೇಟು ಬಾಯಲ್ಲಿ ನೀರಾಗುವುದರ ಗುಟ್ಟೇ ಅದು. ಆತುರದಿಂದ ಉರಿಗೊಡ್ಡಿದರೆ ಸೀದು ಗಂಟುಗಟ್ಟುತ್ತದೆ. ಕೊನೆಗೆ, ಆ ಸೀಮೆಯ ಚೆರಿಹಣ್ಣಿನಿಂದ ಭಟ್ಟಿಯಿಳಿಸಿದ ಕಿರ್ಶ್ ಎಂಬ ಮದ್ಯ ಎರಡು ಪುಟ್ಟ ಚಮಚ.

ಕಲಸಿದ ಮುದ್ದೆಯನ್ನು ಲಟ್ಟಿಸುವಾಗ ಅಂಟದಿರಲೆಂದು ನಾವು ಹಿಟ್ಟು ಉದುರಿಸುತ್ತೇವಷ್ಟೆ; ಇಲ್ಲಿ ಉದುರಿಸುವುದು ಸಕ್ಕರೆ. ಒಂದು ಸೆಂಟಿಮೀಟರಿನಷ್ಟು ದಪ್ಪಕ್ಕೆ ಲಟ್ಟಿಸಿ, ಹೃದಯದ, ಹೂವಿನ, ನಕ್ಷತ್ರದ ಆಕಾರದ ತಗಡಿನ ಅಚ್ಚುಗಳಿಂದ ಕತ್ತರಿಸುತ್ತಾರೆ. ಇಷ್ಟಾದ ಕೂಡಲೆ ಬೇಯಿಸುವಂತಿಲ್ಲ. ತಟ್ಟೆಯ ಮೇಲೆ ಹರಡಿ ಐದಾರು ಗಂಟೆ, ಅಥವಾ ರಾತ್ರಿಯೆಲ್ಲ, ಗಾಳಿಗೆ ಆರಲು ಬಿಡಬೇಕು. ಮೇಲೆ ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯಿದ್ದರೆ ಮಾತ್ರ 250 ಡಿಗ್ರಿಯ ಓವನ್ನಿನ ಕಾವಿನಲ್ಲಿ ಆಕಾರ ಕೆಡದೆ ನಿಂತು, ಒಳಗಿನ ತೇವ ಒಳಗೇ ಉಳಿಯುತ್ತದೆ. ಹೊರಗೆ ಸಕ್ಕರೆಯ ಗರಿಗರಿ, ಒಳಗೆ ಮೆದು. ನಾಲ್ಕು ನಿಮಿಷಕ್ಕೆ ತೆಗೆದರೆ ಬ್ರುನ್ಸ್ಲಿ, ಎಂಟು ನಿಮಿಷ ಬಿಟ್ಟರೆ ಕಲ್ಲು.

ತಟ್ಟೆಗಳನ್ನು ಜೋಡಿಸಿಟ್ಟ ಮೇಲೆ ಒಂದು ಸಂಜೆ ಆ ಒಡತಿ ಕೈ ಒರಸಿಕೊಳ್ಳುತ್ತ, "ಇದು ಅಪ್ಪಟ ಬಾಸೆಲಿನದು, ಬೇರೆ ಊರಿನವರಿಗೆ ಇದು ಒಗ್ಗಿಬರುವುದಿಲ್ಲ" ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಆದರೆ ಕಣ್ಣು ಮೇಜಿನ ಮೇಲಿದ್ದ ಡಬ್ಬಿಗಳತ್ತ ಹೋಯಿತು. ಬಾದಾಮಿ ಬಾಸೆಲಿನದಲ್ಲ, ಅದು ಮೆಡಿಟರೇನಿಯನ್ ಸೀಮೆಗಳ ಬಿಸಿಲಿನ ಮರ. ದಾಲ್ಚಿನ್ನಿ ಸಿಂಹಳದ್ದು. ಲವಂಗ ಇನ್ನೂ ಮೂಡಲಿಗೆ, ಮೊಲುಕ್ಕಾ ದ್ವೀಪಗಳದ್ದು. ಕೋಕೋ ಅಮೆರಿಕದ ಕಾಡಿನ ಗಿಡ. ಸಕ್ಕರೆ ಇಂದು ಅಲ್ಲಿಯ ಹೊಲದ ಬೀಟ್ ಗೆಡ್ಡೆಯಿಂದ ಬರುವುದಾದರೂ 19ನೆಯ ಶತಮಾನದಲ್ಲಿ ಆ ವಿದ್ಯೆ ಹರಡುವವರೆಗೆ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನಿಂದಲೇ ಯೂರೋಪಿನ ಹೆಚ್ಚಿನ ಸಕ್ಕರೆ ಬರುತ್ತಿದ್ದುದು. ಅಪ್ಪಟ ಬಾಸೆಲಿನದೆಂದು ಉಳಿದದ್ದು ಎರಡು ಮೊಟ್ಟೆ ಮತ್ತು ಎರಡು ಚಮಚ ಚೆರಿಯ ಮದ್ಯ!

ಹಾಗೆಂದು ಆಕೆಯ ಮಾತು ಸುಳ್ಳೆ? ಅಲ್ಲವೆಂದೇ ನನ್ನ ಅಭಿಪ್ರಾಯ. ಊರಿಗೆ ಸೇರದ ಐದು ಪದಾರ್ಥಗಳು ಒಂದು ಊರಿನ ಸ್ವತ್ತಾದದ್ದು ಬೆಳೆದ ನೆಲದಿಂದಲ್ಲ. ತಲೆಮಾರುಗಳ ಕಾಲ ಅದೇ ವಾರದಲ್ಲಿ, ಅದೇ ಅಚ್ಚಿನಲ್ಲಿ, ತಾಯಿ ಮಗಳ ಕೈಗೆ ದಾಟಿಸಿಕೊಟ್ಟದ್ದರಿಂದ. ನಮ್ಮ ಅಡುಗೆಯ ಮೆಣಸಿನಕಾಯಿಯನ್ನೇ ನೋಡಿ. ಅದೂ ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಬಂದದ್ದಷ್ಟೇ ಅಲ್ಲ, ಇಲ್ಲಿಯೇ ಹುಟ್ಟಿ ಬೆಳೆದ ಮೆಣಸಿನ ಹೆಸರನ್ನೂ ತಾನು ತೊಟ್ಟುಕೊಂಡಿತು. ಹಳೆಯ ಯಜಮಾನನು ಒಳ್ಳೆಮೆಣಸು, ಕರಿಮೆಣಸು ಎಂದು ವಿಶೇಷಣ ಸೇರಿಸಿಕೊಂಡು ತನ್ನ ಗುರುತು ಹೇಳಬೇಕಾಯಿತು. ಇಂದು ಬ್ಯಾಡಗಿಯ ಮೆಣಸಿನಕಾಯಿ ಕನ್ನಡದ್ದಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಮೆಣಸಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬ್ರುನ್ಸ್ಲಿಯ ನಂಟರಾದ ಜರ್ಮನಿಯ ಕ್ರಿಸ್‌ಮಸ್ ತಿಂಡಿಗಳಲ್ಲಿ 'ಫೆಫರ್‌ಕೂಖೆನ್' ಎಂಬುದೊಂದಿದೆ. ಮೆಣಸಿನ ರೊಟ್ಟಿಯೆಂದು ಅದರ ಅರ್ಥ. ಅದರಲ್ಲಿ ಮೆಣಸು ಇರಲೇಬೇಕೆಂಬ ನಿಯಮವಿಲ್ಲ. ಒಂದು ಕಾಲದಲ್ಲಿ ದೂರದಿಂದ ಬಂದ ಸಂಬಾರವೆಲ್ಲ ಅವರಿಗೆ ಮೆಣಸೇ. ಸಂಬಾರ ಮಾರಿ ಹಣವಂತರಾದ ವರ್ತಕರನ್ನು ಜನ 'ಮೆಣಸಿನ ಚೀಲಗಳು' ಎಂದೇ ಹಂಗಿಸುತ್ತಿದ್ದರು. ಆ 'ಫೆಫರ್' ಲ್ಯಾಟಿನ್ ಗ್ರೀಕ್‌ಗಳ ಮೂಲಕ ಸಂಸ್ಕೃತದ 'ಪಿಪ್ಪಲಿ'ಗೆ ಹೋಗಿ ಮುಟ್ಟುತ್ತದೆ. ಅದೇ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿಯಾಗಿ ಅಜ್ಜಿಯ ಮದ್ದಿನ ಡಬ್ಬಿಯಲ್ಲಿ ಕುಳಿತಿದೆ. ಒಬ್ಬಳು ಅಡ್ವೆಂಟಿನ ತಿಂಡಿಯಾಗಿ, ಇನ್ನೊಬ್ಬಳು ಕೆಮ್ಮಿನ ಕಷಾಯವಾಗಿ ಬಾಳುತ್ತಿರುವ ಅಕ್ಕತಂಗಿಯರು.

ಇದೆಲ್ಲ ಕೇಳಲು ಸೊಗಸಾಗಿದೆ. ಆದರೆ ಆ ಡಬ್ಬಿಗಳು ಆ ಮೇಜಿಗೆ ಸೊಗಸಾಗಿ ಬಂದು ಸೇರಿದವೆಂದು ಯಾರೂ ತಿಳಿಯಬಾರದು. ನಮ್ಮ ಕರಾವಳಿಯ ಮೆಣಸಿಗಾಗಿ ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಆ ಬಿರುದಿನಲ್ಲಿ ಗೌರವವೆಷ್ಟೋ, ಆಸೆ ಅದಕ್ಕಿಂತ ಹೆಚ್ಚು. ಜಾಯಿಕಾಯಿಗಾಗಿ 1621ರಲ್ಲಿ ಡಚ್ಚರು ಬಂಡಾ ದ್ವೀಪಗಳಲ್ಲಿ ನಡೆಸಿದ ಕೊಲೆಯಿಂದ ಅಲ್ಲಿಯ ಮೂಲ ಜನವೇ ಬಹುಮಟ್ಟಿಗೆ ಅಳಿದುಹೋಯಿತು. ಕೋಕೋದ ಕಥೆಯೂ ಗುಲಾಮಗಿರಿಯಿಂದ ಹೊರತಲ್ಲ. ಇಂದಿಗೂ ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಮಕ್ಕಳ ದುಡಿಮೆ ನಿಂತಿಲ್ಲ. ಹಬ್ಬದ ತಟ್ಟೆಯ ಮುಂದೆ ಕುಳಿತವರಿಗೆ ಇದನ್ನು ನೆನಪಿಸುವುದು ಅರಸಿಕತನವೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಅನ್ನವನ್ನು ಉಣ್ಣುವಾಗ ಉತ್ತವನನ್ನು ನೆನೆಯುವುದು ಅರಸಿಕತನವಲ್ಲವಾದರೆ ಇದೂ ಅಲ್ಲ.

ಇನ್ನು ಬಾಸೆಲಿಗೂ ನಮಗೂ ಇರುವ ನೇರವಾದ ನಂಟು. 1815ರಲ್ಲಿ ಆ ಊರಿನಲ್ಲಿ ಸ್ಥಾಪಿತವಾದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೊಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲರೂ ಬಲ್ಲ ಸಂಗತಿ. ಅದೇ ಮಿಷನ್ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿಯೂ, ಎಂದರೆ ಇಂದಿನ ಘಾನಾದಲ್ಲಿಯೂ, ಕೆಲಸ ಮಾಡುತ್ತಿತ್ತೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿಯದು. ಅವರ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾರ್ಶಿ ಎಂಬಾತ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜಗಳನ್ನು ತಂದು ಮಾಂಪಾಂಗ್ ಎಂಬ ಊರಿನಲ್ಲಿ ಬೆಳೆಸಿದ. ಘಾನಾದ ಜನ ತಮ್ಮ ಕೋಕೋ ಬೇಸಾಯದ ಮೂಲಪುರುಷನೆಂದು ಅವನನ್ನೇ ಸ್ಮರಿಸುತ್ತಾರೆ. ಇಂದು ಪ್ರಪಂಚದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಘಾನಾ ಮತ್ತು ಅದರ ನೆರೆಯ ಐವರಿ ಕೋಸ್ಟ್‌ಗಳಿಂದ ಬರುತ್ತದೆ. ಮಂಗಳೂರಿನಲ್ಲಿ ಹೆಂಚು ಸುಟ್ಟ ಸಂಸ್ಥೆಯ ಇನ್ನೊಂದು ಕೈ ಅಲ್ಲಿ ಕಬ್ಬಿಣ ಬಡಿಯುವುದನ್ನು ಕಲಿಸುತ್ತಿತ್ತು. ಆ ಕಬ್ಬಿಣದ ಕೆಲಸಗಾರನ ಕೈಯಿಂದ ಒಂದು ದೇಶದ ಬೆಳೆ ಹೊರಟಿತು. ಪತ್ರಾಗಾರದಲ್ಲಿ ಮಂಗಳೂರಿನ ಕಾಗದಗಳೂ ಆಫ್ರಿಕದ ಕಾಗದಗಳೂ ಒಂದೇ ಸೂರಿನಡಿ ಇವೆ.

ಕೋಕೋ ತಡವಾಗಿಯಾದರೂ ನಮ್ಮಲ್ಲಿಗೂ ಬಂದಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದನ್ನು ಕಂಡವರಿರಬಹುದು: ಕೊಂಬೆಯ ತುದಿಯಲ್ಲಿ ಅಲ್ಲ, ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿ, ಒಡೆದರೆ ಬಿಳಿಯ ಲೋಳೆಯಲ್ಲಿ ಹುದುಗಿದ ಬೀಜಗಳು. ಆ ಲೋಳೆ ಸಿಹಿ, ಬೀಜ ಕಹಿ. ಕೆಲವು ದಿನ ಹುಳಿಯಿಸಿ, ಒಣಗಿಸಿ, ಹುರಿದ ಮೇಲೆಯೇ ಅದರಲ್ಲಿ ಚಾಕೊಲೇಟಿನ ವಾಸನೆ ಹುಟ್ಟುವುದು. 1973ರಲ್ಲಿ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಕಟ್ಟಿಕೊಂಡ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಮೇಲೆ ಕೋಕೋವನ್ನೂ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವನೇ ಕಾರ್ಖಾನೆಯ ಒಡೆಯನೂ ಆಗುವುದು ಕೋಕೋದ ಲೋಕದಲ್ಲಿ ಅಪರೂಪ. ನನಗೆ ಪುತ್ತೂರಿನ ಚಾಕೊಲೇಟಿನ ಮೇಲೆ ತುಸು ಪಕ್ಷಪಾತವಿದ್ದರೆ ಅದಕ್ಕೆ ಕಾರಣ ಇದು.

ಹೀಗಿದ್ದೂ ಮಂಗಳೂರಿನ ಕ್ರೈಸ್ತರ ಕ್ರಿಸ್‌ಮಸ್ ತಟ್ಟೆಯಲ್ಲಿ ಬಾಸೆಲಿನ ಕಂದಣ್ಣನಿಗೆ ಸ್ಥಾನ ಸಿಕ್ಕಲಿಲ್ಲ. ಅಲ್ಲಿಯ ಕೊಂಕಣಿ ಕೆಥೊಲಿಕರ 'ಕುಸ್ವಾರ್' ಬೇರೆಯೇ ಒಂದು ಸಂಸಾರ: ನೆವ್ರಿ, ಕಿಡಿಯೊ, ಗುಳಿಯೊ, ಜೊತೆಗೆ ನಮ್ಮ ಚಕ್ಕುಲಿ. ಅಕ್ಕಿ, ತೆಂಗು, ಎಳ್ಳು, ಬೆಲ್ಲಗಳ ಆ ತಿಂಡಿಗಳು ಓವನ್ನನ್ನು ಕಾಣದೆ ಎಣ್ಣೆಯಲ್ಲಿ ಬೇಯುತ್ತವೆ. ಒಂದು ತಟ್ಟೆ ತುಂಬಿಸಿ, ಮೇಲೊಂದು ಬಟ್ಟೆ ಮುಚ್ಚಿ, ನೆರೆಮನೆಗೆ, ಅದು ಯಾರ ಮನೆಯೇ ಆಗಲಿ, ಕಳುಹಿಸುವುದು ಅಲ್ಲಿಯ ಕ್ರಮ. ಬಾಸೆಲಿನ ನಮ್ಮ ಒಡತಿಯೂ ತಗಡಿನ ಡಬ್ಬಿಗಳಲ್ಲಿ ತುಂಬಿ ಮೂರನೆಯ ಮಹಡಿಯವರಿಗೆ, ಅಂಚೆಯವನಿಗೆ, ಕೊನೆಗೆ ಕನ್ನಡದ ಮೇಷ್ಟರಿಗೂ ಕೊಟ್ಟರು. ಡಬ್ಬಿಯ ಬಾಯಿ ಭದ್ರವಾಗಿದ್ದರೆ ಮೂರು ವಾರ ಕೆಡುವುದಿಲ್ಲ.

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಒಂದೆರಡು ಮಾತು. ಬಾದಾಮಿ ತುಟ್ಟಿಯೆನಿಸಿದರೆ ಗೇರುಬೀಜ ಆದೀತು. ಅದೂ ಬ್ರೆಜಿಲಿನಿಂದ ಬಂದ ಅತಿಥಿಯೇ ತಾನೆ! ಆದರೆ ಗೇರುಬೀಜ ಬೇಗ ಎಣ್ಣೆ ಬಿಡುತ್ತದೆ. ಸ್ವಲ್ಪ ಸಕ್ಕರೆ ಬೆರೆಸಿ, ತಡೆತಡೆದು ಬೀಸಬೇಕು. ಕಿರ್ಶ್ ಬದಲಿಗೆ ಒಂದು ಚಮಚ ಕಿತ್ತಳೆಯ ರಸ ಸಾಕು. ಮನೆಯ ಸಣ್ಣ ಓವನ್ 250 ಡಿಗ್ರಿ ಮುಟ್ಟದಿದ್ದರೆ, ಮುಟ್ಟುವಷ್ಟಕ್ಕೆ ಕಾಯಿಸಿ ಒಂದೆರಡು ನಿಮಿಷ ಹೆಚ್ಚು ಇಡಬಹುದು. ಆರಲು ಬಿಡುವ ರಾತ್ರಿಯನ್ನು ಮಾತ್ರ ತಪ್ಪಿಸಬಾರದು. ನಮ್ಮ ಸೊಸೆ ಡಿಸೆಂಬರಿನ ರಜೆಯಲ್ಲಿ ಇದನ್ನು ಮಾಡುವುದುಂಟು. ಬೆಳಗಿನವರೆಗೆ ಕಾಯುವ ತಾಳ್ಮೆಯಿಲ್ಲದ ಮೊಮ್ಮಕ್ಕಳಿಬ್ಬರು ಮನೆಯಲ್ಲಿರುವುದರಿಂದ ತಟ್ಟೆಯನ್ನು ಪುಸ್ತಕದ ಬೀರುವಿನ ನೆತ್ತಿಯ ಮೇಲೆ, ಕಿಟ್ಟೆಲರ ಪಕ್ಕಕ್ಕೆ, ಏರಿಸಿಡುವುದು ರೂಢಿಯಾಗಿದೆ.